ಸತ್ತವರ ಹೆಸರಿನ ಹೊಲ

ಮನೆಯ ಹಿರಿಯರೊಬ್ಬರು ತೀರಿಕೊಂಡರೆ ಮೊದಲ ಕೆಲವು ದಿನ ಊರವರ ಬಾಯಲ್ಲಿ ಬರುವ ಮಾತೆಲ್ಲ ಮನೆಯ ಕನ್ನಡದವು: ಮಣ್ಣು ಕೊಡುವುದು, ದಿನ ಮಾಡುವುದು, ಬೀಗರು ಬಂದು ಮಾತನಾಡಿಸಿ ಹೋಗುವುದು. ತಿಂಗಳು ಕಳೆಯುವುದರೊಳಗೆ ಮಾತಿನ ಧಾಟಿ ಬದಲಾಗುತ್ತದೆ. ಪೌತಿ, ವಾರಸಾ, ಅರ್ಜಿ, ನಕಲು, ತಕರಾರು, ಹಕ್ಕು, ಖುಲಾಸೆ, ವಕೀಲ. ಇವೆಲ್ಲ ಅರಬ್ಬಿ-ಪಾರಸಿ ಮೂಲದಿಂದ ಬಂದು ಕನ್ನಡದಲ್ಲಿ ಬೇರೂರಿದ ಪದಗಳು. ಅರಬ್ಬಿಯಲ್ಲಿ 'ಫೌತ್' ಎಂದರೆ ಸಾವು; ಅದರಿಂದ ನಮ್ಮ ಪೌತಿ. 'ವಾರಿಸ್' ಎಂದರೆ ಸತ್ತವನ ಆಸ್ತಿಗೆ ಬಾಧ್ಯನಾದವನು, ಅದರಿಂದ ವಾರಸುದಾರ. ಆಸ್ತಿಯ ಪಾಲಿಗಾಗಿ ಎದುರಾಗುವ ದಾಯಾದಿ ಮಾತ್ರ ಸಂಸ್ಕೃತದ 'ದಾಯ'ದಿಂದ ಬಂದವನು. ಉಯಿಲಂತೂ ಇಂಗ್ಲಿಷಿನ ವಿಲ್ ಎಂಬುದರ ಕನ್ನಡ ಉಚ್ಚಾರಣೆ.

ಒಂದು ಸಾವಿನ ಹಿಂದೆಯೇ ಹೀಗೆ ಮೂರು ಆಳ್ವಿಕೆಗಳ ಭಾಷೆ ಸಾಲುಗಟ್ಟಿ ಬರುತ್ತದೆ. ಭಾಷೆಯಷ್ಟೇ ಬಂದಿದ್ದರೆ ತೊಂದರೆ ಇರುತ್ತಿರಲಿಲ್ಲ. ಅವುಗಳ ಜೊತೆ ಮೂರು ಬಗೆಯ ನ್ಯಾಯವೂ ಬಂದಿದೆ. ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ತುರ್ವಿಹಾಳದಂತಹ ಊರಿನಲ್ಲಿ ತಂದೆಯನ್ನು ಕಳೆದುಕೊಂಡ ಕುಟುಂಬವೊಂದು ನಾಡಕಚೇರಿ, ತಹಸೀಲು, ಕೋರ್ಟು ಎಂದು ಅಲೆಯುವಾಗ, ಯಾವ ಕಾಗದಕ್ಕೆ ಎಲ್ಲಿಗೆ ಹೋಗಬೇಕು ಎಂಬ ಗೊಂದಲಕ್ಕೆ ಸಿಬ್ಬಂದಿಯ ಆಲಸ್ಯವೊಂದೇ ಕಾರಣವಲ್ಲ. ಆ ಗೊಂದಲಕ್ಕೆ ಒಂದು ಇತಿಹಾಸವಿದೆ.

ಕಲ್ಯಾಣದಲ್ಲಿ ಹುಟ್ಟಿದ ನ್ಯಾಯ

ಆ ಇತಿಹಾಸದ ಮೊದಲ ಅಧ್ಯಾಯ ತುರ್ವಿಹಾಳದಿಂದ ಬಹು ದೂರದ್ದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಇಂದಿನ ಕಲಬುರಗಿ ಜಿಲ್ಲೆಯ ಮರತೂರು ಆತನ ಊರೆಂದು ಅಲ್ಲಿ ದೊರೆತ ಶಾಸನದ ಆಧಾರದಿಂದ ವಿದ್ವಾಂಸರು ಹೇಳುತ್ತಾರೆ. ಬಂಗಾಳ, ಅಸ್ಸಾಮುಗಳನ್ನು ಬಿಟ್ಟರೆ ಹೆಚ್ಚು ಕಡಿಮೆ ಇಡೀ ಭಾರತದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಆಧಾರವಾದದ್ದು ಈ ಗ್ರಂಥ. ಬಂಗಾಳದ್ದು ಜೀಮೂತವಾಹನನ 'ದಾಯಭಾಗ'ದ ದಾರಿ.

ಎರಡರ ನಡುವಿನ ವ್ಯತ್ಯಾಸ ಸರಳವಾದದ್ದು. ತಂದೆ ಸತ್ತ ಮೇಲೆಯೇ ಮಗನಿಗೆ ಹಕ್ಕು ಎನ್ನುತ್ತದೆ ದಾಯಭಾಗ. ಹುಟ್ಟಿದ ಗಳಿಗೆಯಿಂದಲೇ ಮಗನು ಪಿತ್ರಾರ್ಜಿತದಲ್ಲಿ ಪಾಲುದಾರ ಎನ್ನುತ್ತದೆ ಮಿತಾಕ್ಷರಾ. ಹಾಗಾದರೆ ಮಿತಾಕ್ಷರಾ ಕುಟುಂಬದಲ್ಲಿ ಹಿರಿಯನು ಸತ್ತಾಗ ಆಸ್ತಿ 'ವರ್ಗಾವಣೆ'ಯಾಗುವುದೇ ಇಲ್ಲ. ಇದ್ದ ಪಾಲುದಾರರಲ್ಲಿ ಒಬ್ಬ ಕಡಿಮೆಯಾಗುತ್ತಾನೆ, ಉಳಿದವರ ಪಾಲು ಅಷ್ಟರಮಟ್ಟಿಗೆ ಬೆಳೆಯುತ್ತದೆ, ಅಷ್ಟೆ. ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಾದ ಪ್ರಮೇಯವೂ ಅಲ್ಲಿಲ್ಲ, ಉಯಿಲು ಬರೆಯುವ ಅವಕಾಶವೂ ಇಲ್ಲ. ಎಲ್ಲರದಾದ ಆಸ್ತಿಯನ್ನು ಒಬ್ಬನು ಸಾಯುವಾಗ ಬರೆದುಕೊಡುವುದಾದರೂ ಹೇಗೆ? ಅವಿಭಕ್ತ ಕುಟುಂಬದಲ್ಲಿ ತನ್ನ ಪಾಲನ್ನು ಉಯಿಲಿನ ಮೂಲಕ ಕೊಡುವ ಅಧಿಕಾರ ಹಿಂದೂ ಗೃಹಸ್ಥನಿಗೆ ಬಂದದ್ದು 1956ರ ಉತ್ತರಾಧಿಕಾರ ಕಾಯಿದೆಯಿಂದ.

ಇಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ಗಂಡುಮಕ್ಕಳಿಲ್ಲದೆ, ಪಾಲಾಗಿ ಬೇರೆಯಿದ್ದವನು ಸತ್ತರೆ ಅವನ ಆಸ್ತಿ ಮೊದಲು ಹೆಂಡತಿಗೆ, ಆಕೆ ಇಲ್ಲದಿದ್ದರೆ ಮಗಳಿಗೆ ಎಂದು ವಿಜ್ಞಾನೇಶ್ವರ ವಾದಿಸಿ ನಿಲ್ಲಿಸಿದ. ಅಪುತ್ರಕರ ಸೊತ್ತು ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಕನ್ನಡ ಶಾಸನಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅದನ್ನು ಅರಮನೆ ಎಳೆದುಕೊಳ್ಳಬಹುದಾದ ಕಾಲದಲ್ಲಿ ಹೆಂಡತಿಯ ಹೆಸರನ್ನು ಮುಂದೆ ತಂದದ್ದು ಸಣ್ಣ ಮಾತಲ್ಲ. ಆದರೆ ಗಂಡುಮಕ್ಕಳಿರುವ ಅವಿಭಕ್ತ ಕುಟುಂಬದಲ್ಲಿ ಹೆಣ್ಣುಮಗಳು ಜನ್ಮದಿಂದ ಪಾಲುದಾರಳಾಗಲಿಲ್ಲ. ಈ ಬಾಗಿಲು ತೆರೆಯಲು ಇನ್ನೂ ಒಂಬತ್ತು ಶತಮಾನ ಹಿಡಿಯಿತು.

ನಿಜಾಮರ ಕಾಲದ 'ವಿರಾಸತ್'

ಎರಡನೆಯ ಅಧ್ಯಾಯ ಕಂದಾಯದ್ದು. ಕೃಷ್ಣಾ-ತುಂಗಭದ್ರೆಯರ ನಡುವಿನ ದೋಆಬ್ ಪ್ರದೇಶಕ್ಕಾಗಿ ವಿಜಯನಗರವೂ ಬಹಮನಿಗಳೂ ಕಾದಾಡಿದ ಕಥೆ, 1520ರಲ್ಲಿ ಕೃಷ್ಣದೇವರಾಯ ಆದಿಲಶಾಹನನ್ನು ಸೋಲಿಸಿದ ಕಥೆ ಶಾಲೆಯ ಪುಸ್ತಕದಲ್ಲೇ ಇದೆ. ವಿಜಾಪುರ ಬಿದ್ದ ಮೇಲೆ ಈ ನೆಲ ಮೊಗಲರಿಗೂ ಆಮೇಲೆ ಹೈದರಾಬಾದಿನ ನಿಜಾಮರಿಗೂ ಸೇರಿತು. 1853ರ ಒಪ್ಪಂದದಂತೆ ರಾಯಚೂರು ದೋಆಬನ್ನು ಬ್ರಿಟಿಷರು ತಮ್ಮ ಆಡಳಿತಕ್ಕೆ ತೆಗೆದುಕೊಂಡು 1860ರಲ್ಲಿ ಹಿಂದಿರುಗಿಸಿದರು. ಮುಂದೆ ಸಾಲಾರ್ ಜಂಗ್ ದಿವಾನಗಿರಿಯಲ್ಲಿ ಜಿಲ್ಲೆ-ತಾಲ್ಲೂಕುಗಳ ಏರ್ಪಾಡಾಯಿತು. ಸಿಂಧನೂರು ಆಗ ಲಿಂಗಸುಗೂರು ಜಿಲ್ಲೆಯಲ್ಲಿತ್ತು. 1905ರಲ್ಲಿ ಆ ಜಿಲ್ಲೆ ರದ್ದಾಗಿ ಸಿಂಧನೂರು ರಾಯಚೂರಿಗೆ ಸೇರಿತು. ಆಡಳಿತದ ಭಾಷೆ ಮೊದಲು ಪಾರಸಿಯಿತ್ತು, 1880ರ ದಶಕದಿಂದ ಉರ್ದು ಆಯಿತು. ಹಳೆಯ ದಾಖಲೆಯ ನಕಲು ಕೈಗೆ ಬಂದಾಗ ಅದನ್ನು ಓದಿ ಹೇಳಬಲ್ಲ ಉರ್ದು ಬಲ್ಲವರನ್ನು ಹುಡುಕಬೇಕಾಗುವುದು ಇದರಿಂದಲೇ.

ಸರ್ಕಾರಕ್ಕೆ ಬೇಕಾಗಿದ್ದುದು ಒಂದೇ ಒಂದು ಪ್ರಶ್ನೆಗೆ ಉತ್ತರ: ಈ ಸರ್ವೆ ನಂಬರಿನ ಕಂದಾಯ ಕಟ್ಟುವವರು ಯಾರು? ಹಾಗೆ ಕಟ್ಟುವ ಹೊಣೆಹೊತ್ತವನು ಪಟ್ಟಾದಾರ. ಪಟ್ಟಾದಾರ ಸತ್ತರೆ ಪಟ್ಟೆಗೆ ಇನ್ನೊಂದು ಹೆಸರು ಬೇಕು. ಊರಿನ ಲೆಕ್ಕ ನೋಡುವ ಕುಲಕರ್ಣಿ, ಅಂದರೆ ಪಟವಾರಿ, ಮತ್ತು ಪಾಟೀಲರ ಮೂಲಕ ಸುದ್ದಿ ತಹಸೀಲಿಗೆ ಹೋಗಿ, ವಿಚಾರಣೆಯಾಗಿ, ಹೊಸ ಹೆಸರು ಏರುತ್ತಿತ್ತು. ಇದೇ ವಿರಾಸತ್. ಫಸಲಿ 1317ರ, ಎಂದರೆ ಕ್ರಿ.ಶ. 1907ರ ಹೈದರಾಬಾದ್ ಭೂಕಂದಾಯ ಕಾಯಿದೆ ಈ ವ್ಯವಸ್ಥೆಗೆ ಕಾನೂನಿನ ಚೌಕಟ್ಟು ಕೊಟ್ಟಿತು. ಇನಾಮು, ಜಾಗೀರುಗಳ ವಿರಾಸತ್ತಿಗೆ ಪ್ರತ್ಯೇಕ ವಿಚಾರಣೆಯೇ ಇತ್ತು. ಅಲ್ಲಿ ಆಸ್ತಿ ಅರಸನ ಕೊಡುಗೆಯಾದ್ದರಿಂದ ಯಾರು ಮುಂದಿನವರು ಎಂಬುದಕ್ಕೆ ಸರ್ಕಾರದ ಮಂಜೂರಾತಿ ಬೇಕಾಗುತ್ತಿತ್ತು.

ಈ ಕಾಯಿದೆಯಲ್ಲಿ 'ಶಿಕ್ಮೀದಾರ' ಎಂಬ ಒಂದು ಪದ ಬರುತ್ತದೆ. ಪಾರಸಿಯಲ್ಲಿ 'ಶಿಕಮ್' ಎಂದರೆ ಹೊಟ್ಟೆ. ಪಟ್ಟಾದಾರನ ಜೊತೆಗೆ ಮೊದಲಿನಿಂದಲೂ ಭೂಮಿಯಲ್ಲಿ ಹಕ್ಕುಳ್ಳವನು, ಆದರೆ ಪಟ್ಟೆಯ ಹೊಟ್ಟೆಯೊಳಗೆ ಇರುವವನು ಶಿಕ್ಮೀದಾರ. ಹಿರಿಯಣ್ಣನ ಹೆಸರು ಪಟ್ಟೆಯಲ್ಲಿ, ತಮ್ಮಂದಿರ ಹಕ್ಕು ಅದರ ಹೊಟ್ಟೆಯಲ್ಲಿ. ಕಂದಾಯ ವಸೂಲಿಗೆ ಇದು ಅನುಕೂಲದ ಏರ್ಪಾಡು. ಹತ್ತು ಜನರನ್ನು ಹುಡುಕಿಕೊಂಡು ಹೋಗುವ ಬದಲು ಒಬ್ಬನನ್ನು ಹಿಡಿದರೆ ಸಾಕು. ಅಣ್ಣನ ಹೆಸರು ಇದ್ದರೆ ಎಲ್ಲರದೂ ಇದ್ದಂತೆ ಎಂದು ಮನೆಯವರೂ ಒಪ್ಪಿಕೊಂಡರು. ಕಾಲ ಕಳೆದಂತೆ ಈ ಒಪ್ಪಿಗೆಯ ನೆನಪು ಹೋಯಿತು, ಕಾಗದದ ಮೇಲಿನ ಹೆಸರು ಮಾತ್ರ ಉಳಿಯಿತು. ಇಂದಿಗೂ ನಮ್ಮ ಭಾಗದಲ್ಲಿ 'ಪಹಣಿಯಲ್ಲಿ ಯಾರ ಹೆಸರಿದೆಯೋ ಹೊಲ ಅವರದೇ' ಎಂಬ ನಂಬಿಕೆ ಗಟ್ಟಿಯಾಗಿದ್ದರೆ ಅದರ ಬೇರು ಇಲ್ಲಿದೆ.

ಮೂರನೆಯ ನ್ಯಾಯ: ಉಯಿಲು ಮತ್ತು ಪ್ರೊಬೇಟು

ಪ್ರೊಬೇಟು ಎಂಬುದು ಬ್ರಿಟಿಷರ ಜೊತೆ ಬಂದದ್ದು. ಸತ್ತವನು ಬರೆದ ಉಯಿಲು ನಿಜವಾದದ್ದೆಂದು ನ್ಯಾಯಾಲಯವೇ ಮೊಹರು ಹಾಕಿ ಕೊಡುವ ಪ್ರಮಾಣ ಅದು. 1865ರ ಉತ್ತರಾಧಿಕಾರ ಕಾಯಿದೆ ಹಿಂದೂಗಳಿಗೂ ಮುಸಲ್ಮಾನರಿಗೂ ಅನ್ವಯಿಸಲಿಲ್ಲ. 1870ರ ಹಿಂದೂ ಉಯಿಲುಗಳ ಕಾಯಿದೆಯು ಬಂಗಾಳ ಸೀಮೆ ಹಾಗೂ ಮದರಾಸು, ಮುಂಬಯಿ ನಗರಗಳಿಗೆ ಬಂದಿತು. ಹಡಗು ವ್ಯಾಪಾರ, ಕಂಪನಿ ಷೇರು, ಬಾಡಿಗೆ ಕಟ್ಟಡಗಳಿದ್ದ ಆ ಪಟ್ಟಣಗಳಲ್ಲಿ ಇದರ ಅಗತ್ಯವಿತ್ತು. ಇವೆಲ್ಲವನ್ನೂ ಒಟ್ಟುಗೂಡಿಸಿ 1925ರಲ್ಲಿ ಭಾರತೀಯ ಉತ್ತರಾಧಿಕಾರ ಕಾಯಿದೆ ಬಂದಾಗಲೂ ಅದೇ ಗಡಿ ಉಳಿಯಿತು. ಆ ಸೀಮೆಗಳಲ್ಲಿ ಬರೆದ ಅಥವಾ ಅಲ್ಲಿನ ಸ್ಥಿರಾಸ್ತಿಗೆ ಸಂಬಂಧಿಸಿದ ಹಿಂದೂ ಉಯಿಲಿಗೆ ಮಾತ್ರ ಪ್ರೊಬೇಟು ಕಡ್ಡಾಯವಾಗಿತ್ತು. ಹೊಳೆಯಾಚೆಯ ಬಳ್ಳಾರಿ ಮದರಾಸು ಪ್ರಾಂತದಲ್ಲಿದ್ದರೂ ಈ ಕಟ್ಟುಪಾಡಿಗೆ ಒಳಪಡಲಿಲ್ಲ, ಏಕೆಂದರೆ ನಿಯಮ ಮದರಾಸು ನಗರಕ್ಕೆ ಮಾತ್ರ ಇತ್ತು. ಹೊಳೆಯೀಚೆಯ ಸಿಂಧನೂರಂತೂ ಬ್ರಿಟಿಷ್ ಇಂಡಿಯಾದಲ್ಲಿಯೇ ಇರಲಿಲ್ಲ.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನದ ಕಥೆ ಮುಗಿಯಿತು. 1949ರಲ್ಲಿ ಜಾಗೀರುಗಳು ರದ್ದಾದವು. 1951ರಲ್ಲಿ ಕೇಂದ್ರದ ಹಲವು ಕಾಯಿದೆಗಳನ್ನು ಹಳೆಯ ಸಂಸ್ಥಾನಗಳಿಗೆ ವಿಸ್ತರಿಸಿದಾಗ 1925ರ ಉತ್ತರಾಧಿಕಾರ ಕಾಯಿದೆಯೂ ಇಲ್ಲಿಗೆ ಬಂತು. ಕಡ್ಡಾಯ ಪ್ರೊಬೇಟಿನ ನಿಯಮ ಮಾತ್ರ ಬರಲಿಲ್ಲ. ಕೊನೆಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ರದ್ದತಿ ಮತ್ತು ತಿದ್ದುಪಡಿ ಕಾಯಿದೆಯು ಪ್ರೊಬೇಟನ್ನು ಕಡ್ಡಾಯ ಮಾಡಿದ್ದ 213ನೆಯ ಕಲಮನ್ನೇ ತೆಗೆದುಹಾಕಿತು. ಮುಂಬಯಿಯವರು ಈಗ ಪಡೆದ ವಿನಾಯಿತಿ ತುರ್ವಿಹಾಳದವರಿಗೆ ಮೊದಲಿನಿಂದಲೂ ಇತ್ತು.

ಹಾಗೆಂದು ಉಯಿಲನ್ನು ತಕರಾರಿಲ್ಲದೆ ಒಪ್ಪುತ್ತಾರೆಂದು ತಿಳಿಯಬಾರದು. ಉಯಿಲು ನೋಂದಣಿಯಾಗಲೇಬೇಕೆಂಬ ನಿಯಮವಿಲ್ಲ. ಆದರೆ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ವಿವಾದ ಎದ್ದರೆ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಕಟಕಟೆ ಹತ್ತಿ ಹೇಳಬೇಕು. ಅದನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯವೇ ಹೊರತು ತಹಸೀಲ್ದಾರರ ಕಚೇರಿಯಲ್ಲ.

ನೀರು ಬಂದ ಮೇಲೆ

ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಕ್ಕೆ ಮಳೆಯೇ ಗತಿಯಾಗಿದ್ದ ಕಾಲದಲ್ಲಿ ಅಜ್ಜನ ಹೆಸರಿನ ಪಟ್ಟೆ ಹಾಗೆಯೇ ಉಳಿದರೂ ಯಾರಿಗೂ ನಷ್ಟವಿರಲಿಲ್ಲ. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟೆ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳತ್ತ ಹರಿದು ಬಂದಂತೆ ಬಿಳಿಜೋಳದ ನೆಲ ಭತ್ತದ ಗದ್ದೆಯಾಯಿತು. ಆಂಧ್ರದ ಕಡೆಯಿಂದ ರೈತರು ಬಂದು ಹೊಲ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಕೊಳ್ಳುವವನಿಗೆ ದಾಖಲೆ ಬೇಕು, ಸಾಲ ಕೊಡುವ ಬ್ಯಾಂಕಿಗೆ ದಾಖಲೆ ಬೇಕು. ಮೊದಲ ಬಾರಿಗೆ 'ಹೊಲ ಯಾರ ಹೆಸರಿಗಿದೆ' ಎಂಬ ಪ್ರಶ್ನೆಗೆ ಕಂದಾಯದ ರಸೀದಿಗಿಂತ ದೊಡ್ಡ ಬೆಲೆ ಬಂತು.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯಿಂದ ವಂಶಪಾರಂಪರ್ಯದ ಕುಲಕರ್ಣಿ-ಪಾಟೀಲಕಿ ಹೋಯಿತು. 1964ರ ಭೂಕಂದಾಯ ಕಾಯಿದೆ ಹೈದರಾಬಾದಿನ ಹಳೆಯ ಕಾಯಿದೆಯ ಜಾಗಕ್ಕೆ ಬಂತು. ವಿರಾಸತ್ ಹೋಗಿ ಪೌತಿ ಖಾತೆ ಎಂಬ ಹೆಸರು ನೆಲೆಯಾಯಿತು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ಪಹಣಿ ಕಂಪ್ಯೂಟರಿಗೆ ಹೋಯಿತು. ಆದರೆ ಅಲ್ಲಿಗೆ ಹೋದದ್ದು ಹಳೆಯ ಪುಸ್ತಕದಲ್ಲಿದ್ದ ಹೆಸರುಗಳೇ. ಸತ್ತವರ ಹೆಸರೂ ಅದರ ಜೊತೆಗೇ ಹೋಯಿತು. 2025ರಲ್ಲಿ ಕಂದಾಯ ಇಲಾಖೆ 'ಇ-ಪೌತಿ' ಆಂದೋಲನ ನಡೆಸಬೇಕಾಗಿ ಬಂದದ್ದು ರಾಜ್ಯದಲ್ಲಿ ಇಂತಹ ಜಮೀನುಗಳು ಲಕ್ಷಗಟ್ಟಲೆ ಉಳಿದಿದ್ದರಿಂದ.

ಕಾಗದದ ಮೂರು ದಾರಿ

ಈ ಇತಿಹಾಸ ತಿಳಿದರೆ ಇಂದಿನ ಕ್ರಮ ಅಷ್ಟೇನೂ ಕಠಿಣವೆನಿಸದು. ಎಲ್ಲಕ್ಕೂ ಮೊದಲು ಬೇಕಾದದ್ದು ಮರಣ ಪ್ರಮಾಣಪತ್ರ. 1969ರ ಜನನ-ಮರಣ ನೋಂದಣಿ ಕಾಯಿದೆಯಂತೆ 21 ದಿನಗಳೊಳಗೆ ಸಾವನ್ನು ತಿಳಿಸಬೇಕು. ಅದು ಮೀರಿದರೆ ವಿಳಂಬ ಶುಲ್ಕ, 30 ದಿನ ಮೀರಿದರೆ ಮೇಲಧಿಕಾರಿಯ ಅನುಮತಿ. ಒಂದು ವರ್ಷ ದಾಟಿದ ಸಾವಿಗೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಅಜ್ಜ ಸತ್ತು ಇಪ್ಪತ್ತು ವರ್ಷವಾದ ಮೇಲೆ ಮೊಮ್ಮಕ್ಕಳು ಅದೊಂದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದುದು ಹೀಗೆ. 2023ರ ತಿದ್ದುಪಡಿಯ ನಂತರ ಈ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗದ ದಂಡಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಬಂದಿದೆ.

ಮರಣ ಪತ್ರ ಸಿಕ್ಕ ಮೇಲೆ ದಾರಿ ಕವಲೊಡೆಯುತ್ತದೆ. ಮೊದಲನೆಯದು ಹೊಲದ ದಾರಿ. ಇದು ಕಂದಾಯ ಇಲಾಖೆಯದು. ಹಕ್ಕು ಬಂದ ಮೂರು ತಿಂಗಳೊಳಗೆ ವಾರಸುದಾರರು ವರದಿ ಕೊಡಬೇಕೆಂದು ಭೂಕಂದಾಯ ಕಾಯಿದೆಯ 128ನೆಯ ಕಲಮು ಹೇಳುತ್ತದೆ. ಮರಣ ಪತ್ರ, ವಂಶವೃಕ್ಷ, ಪಹಣಿಗಳೊಂದಿಗೆ ನಾಡಕಚೇರಿಯ ಮೂಲಕ ಅರ್ಜಿ ಹೋಗುತ್ತದೆ. ಮ್ಯುಟೇಶನ್ ವಹಿಯಲ್ಲಿ ನಮೂದಾಗಿ, ಸಂಬಂಧಪಟ್ಟವರಿಗೆ ನೋಟೀಸು ಹೊರಡುತ್ತದೆ. ಗೊತ್ತುಪಡಿಸಿದ ದಿನಗಳಲ್ಲಿ ಯಾರೂ ತಕರಾರು ಎತ್ತದಿದ್ದರೆ ಹೊಸ ಹೆಸರು ಪಹಣಿಗೆ ಏರುತ್ತದೆ. ತಕರಾರು ಬಂದರೆ ವಿಚಾರಣೆ. ಅದರ ಮೇಲೆ ಲಿಂಗಸುಗೂರಿನ ಉಪವಿಭಾಗಾಧಿಕಾರಿಗಳಿಗೆ ಅಪೀಲು, ಆಮೇಲೆ ರಾಯಚೂರಿನ ಜಿಲ್ಲಾಧಿಕಾರಿಗಳಿಗೆ.

ಎರಡನೆಯದು ಹಣದ ದಾರಿ. ಬ್ಯಾಂಕಿನ ಠೇವಣಿ, ಷೇರು, ಸತ್ತವರಿಗೆ ಬರಬೇಕಾಗಿದ್ದ ಸಾಲ ಮೊದಲಾದುವಕ್ಕೆ ಬೇಕಾದದ್ದು ಉತ್ತರಾಧಿಕಾರ ಪ್ರಮಾಣಪತ್ರ. ಹೊಲಕ್ಕೆ ಇದು ನಡೆಯುವುದಿಲ್ಲ. ಇದನ್ನು ಕೊಡುವುದು ನ್ಯಾಯಾಲಯ: ಸತ್ತವರು ವಾಸವಿದ್ದ ಪ್ರದೇಶದ ಜಿಲ್ಲಾ ನ್ಯಾಯಾಲಯ, ಇಲ್ಲವೆ ಸರ್ಕಾರ ಅಧಿಕಾರ ಕೊಟ್ಟಲ್ಲಿ ಅದರ ಕೆಳಗಿನ ಸಿವಿಲ್ ನ್ಯಾಯಾಲಯ. 1925ರ ಕಾಯಿದೆಯ 372ನೆಯ ಕಲಮಿನಡಿ ಸಲ್ಲಿಸುವ ಅರ್ಜಿಯಲ್ಲಿ ಸತ್ತ ದಿನ, ವಾಸಸ್ಥಳ, ಹತ್ತಿರದ ಬಂಧುಗಳೆಲ್ಲರ ಹೆಸರು-ವಿಳಾಸ, ಅರ್ಜಿದಾರರ ಹಕ್ಕು, ಬರಬೇಕಾದ ಹಣದ ಪಟ್ಟಿ ಇವೆಲ್ಲ ಇರಬೇಕು. ಬಂಧುಗಳಿಗೆ ನೋಟೀಸು ಹೋಗುತ್ತದೆ. ಪತ್ರಿಕೆಗಳ ಒಳಪುಟಗಳಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗುವ ನ್ಯಾಯಾಲಯದ ಪ್ರಕಟಣೆಗಳಲ್ಲಿ ಇಂಥವೂ ಇರುತ್ತವೆ. ವಿಚಾರಣೆ ಸಂಕ್ಷಿಪ್ತವಾದದ್ದು. ಪತ್ರದ ಮೊತ್ತಕ್ಕೆ ತಕ್ಕ ಶುಲ್ಕ ಕಟ್ಟಬೇಕು. ಕೆಲವು ಸಂದರ್ಭಗಳಲ್ಲಿ ಜಾಮೀನಿನ ಮುಚ್ಚಳಿಕೆಯನ್ನೂ ಬರೆದುಕೊಡಬೇಕು.

ಈ ಪತ್ರದ ಉದ್ದೇಶವೇನೆಂಬುದನ್ನು ತಿಳಿದಿರುವುದು ಒಳ್ಳೆಯದು. ಹಣ ಕೊಡುವ ಬ್ಯಾಂಕು 'ಸರಿಯಾದವರಿಗೆ ಕೊಟ್ಟೆ' ಎಂದು ನಿಶ್ಚಿಂತೆಯಾಗಿರಲು ಅದು ರಕ್ಷಣೆ. ಪತ್ರ ಪಡೆದವರೇ ಹಣದ ಏಕೈಕ ಒಡೆಯರೆಂದು ಅದು ಸಾರುವುದಿಲ್ಲ. ಉಳಿದ ವಾರಸುದಾರರು ತಮ್ಮ ಪಾಲಿಗೆ ಮುಂದೆ ದಾವೆ ಹೂಡಬಹುದು. ಬಂಧುಗಳನ್ನು ಮರೆಮಾಚಿ ಪಡೆದ ಪತ್ರವನ್ನು ನ್ಯಾಯಾಲಯ ರದ್ದುಮಾಡಬಹುದು. ನಾಮಿನಿಯ ಸ್ಥಿತಿಯೂ ಇಂಥದ್ದೇ. ನಾಮಿನಿ ಹಣವನ್ನು ಕೈಗೆ ತೆಗೆದುಕೊಳ್ಳುವವನು ಮಾತ್ರ, ಅದು ವಾರಸುದಾರರೆಲ್ಲರಿಗೆ ಸೇರಿದ್ದು ಎಂದು ಜೀವವಿಮೆಯ ಪಾಲಿಸಿಯೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1983ರಲ್ಲೇ ಹೇಳಿತು. ನಾಮಿನಿ ಇದ್ದರೆ, ಅಥವಾ ಮೊತ್ತ ನಿಗದಿತ ಮಿತಿಯೊಳಗಿದ್ದರೆ, ಬ್ಯಾಂಕುಗಳು ಕೋರ್ಟಿನ ಪತ್ರ ಕೇಳದೆಯೂ ಹಣ ಕೊಡುತ್ತವೆ.

ಮೂರನೆಯದು ಜಗಳದ ದಾರಿ. ಯಾರು ವಾರಸುದಾರರು, ಯಾರ ಪಾಲೆಷ್ಟು, ಉಯಿಲು ನಿಜವೆ ಎಂಬ ಪ್ರಶ್ನೆ ಎದ್ದರೆ ಸಿವಿಲ್ ನ್ಯಾಯಾಲಯವೇ ಗತಿ. ನಿಜಾಮರ ಕಾಲದಲ್ಲಿ ಕೊನೆಯ ಮೇಲ್ಮನವಿಗೆ ಹೈದರಾಬಾದಿಗೆ ಹೋಗಬೇಕಿತ್ತು, 1956ರ ಮೇಲೆ ಬೆಂಗಳೂರಿಗೆ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕಲಬುರಗಿಗೆ ಬಂದು 2013ರಲ್ಲಿ ಕಾಯಂ ಆದ ಮೇಲೆ ಆ ದೂರ ಕಡಿಮೆಯಾಯಿತು.

ಕೊಂಬೆ ಬಿಟ್ಟುಹೋದ ವಂಶವೃಕ್ಷ

ಇಷ್ಟೆಲ್ಲ ದಾರಿಗಳ ನಡುವೆ ಹೆಚ್ಚಾಗಿ ಕಳೆದುಹೋಗುವ ಹೆಸರು ಹೆಣ್ಣುಮಕ್ಕಳದು. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ 1937ರಲ್ಲಿ ಹಿಂದೂ ಸ್ತ್ರೀಯರ ಆಸ್ತಿಹಕ್ಕಿನ ಕಾಯಿದೆಗಳು ಬಂದವು. ಅವೆರಡೂ ಆಗ ನಿಜಾಮರ ಸೀಮೆಗೆ ಅನ್ವಯಿಸುತ್ತಿರಲಿಲ್ಲ. 1956ರ ಕಾಯಿದೆ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಜನ್ಮದಿಂದ ಬರುವ ಹಕ್ಕನ್ನು ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೆ ಕೊಟ್ಟಿತಾದರೂ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿತು. ಆ ದಿನ ತಂದೆ ಬದುಕಿರಬೇಕೆಂಬ ನಿರ್ಬಂಧವಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕಾನೂನುಬದ್ಧವಾಗಿ ಮುಗಿದ ಪಾಲುಪಟ್ಟಿಗಳನ್ನು ಮಾತ್ರ ಕದಲಿಸುವಂತಿಲ್ಲ.

ಲೆಕ್ಕದಲ್ಲಿ ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಸ್ವಂತ ದುಡಿಮೆಯಿಂದ 12 ಎಕರೆ ಕೊಂಡ ಹಿಂದೂ ರೈತರೊಬ್ಬರು ಉಯಿಲು ಬರೆಯದೆ ತೀರಿಕೊಂಡರು, ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ ಎನ್ನೋಣ. ಐವರಿಗೂ ತಲಾ 2 ಎಕರೆ 16 ಗುಂಟೆ. ತೀರಿಕೊಂಡವರ ತಾಯಿ ಬದುಕಿದ್ದರೆ ಆಕೆಯದೂ ಒಂದು ಪಾಲು. ಆಗ ಆರು ಜನರಿಗೆ ತಲಾ 2 ಎಕರೆ. ಇದೇ ಐವರು ಸುನ್ನಿ ಮುಸಲ್ಮಾನ ಕುಟುಂಬದವರಾಗಿದ್ದರೆ ಷರೀಯತ್ತಿನ ಲೆಕ್ಕದಂತೆ ಹೆಂಡತಿಗೆ ಎಂಟನೆಯ ಒಂದು ಪಾಲು, ಎಂದರೆ 1 ಎಕರೆ 20 ಗುಂಟೆ; ಗಂಡುಮಕ್ಕಳಿಗೆ ತಲಾ 3 ಎಕರೆ 20 ಗುಂಟೆ, ಹೆಣ್ಣುಮಕ್ಕಳಿಗೆ ತಲಾ 1 ಎಕರೆ 30 ಗುಂಟೆ. ಪಾಲಿನ ಪ್ರಮಾಣ ಬೇರೆಯಾದರೂ ಯಾವ ಲೆಕ್ಕದಲ್ಲಿಯೂ ಮಗಳ ಪಾಲು ಸೊನ್ನೆಯಲ್ಲ.

ಆದರೆ ಪಹಣಿಯಲ್ಲಿ ಅದು ಸೊನ್ನೆಯಾಗುವುದು ಸುಲಭ. ಅರ್ಜಿಯ ಜೊತೆ ಕೊಡುವ ವಂಶವೃಕ್ಷ ಮನೆಯವರೇ ಪ್ರಮಾಣ ಮಾಡಿ ಹೇಳುವ ಮಾಹಿತಿಯ ಮೇಲೆ ನಿಂತಿರುತ್ತದೆ. ಕೊಟ್ಟ ಮನೆಗೆ ಹೋದ ಮಗಳ ಹೆಸರನ್ನು ಅಲ್ಲಿ ಬಿಟ್ಟರೆ ನೋಟೀಸೂ ಆಕೆಯ ಊರಿಗೆ ಹೋಗುವುದಿಲ್ಲ, ತಕರಾರೂ ಬರುವುದಿಲ್ಲ. ಇನ್ನೊಂದು ಬಗೆಯೂ ಇದೆ. ಅರಿಸಿನ-ಕುಂಕುಮಕ್ಕೆಂದು ಸೀರೆ ಕೊಟ್ಟು, 'ತವರಿಗೆ ಬರುವ ದಾರಿ ಇಟ್ಟುಕೊಳ್ಳವ್ವಾ' ಎಂದು ಹಕ್ಕು ಖುಲಾಸೆಗೆ ಸಹಿ ಪಡೆಯುವುದು. ಮನಸಾರೆ ಬಿಟ್ಟುಕೊಡುವುದು ಆಕೆಯ ಇಷ್ಟ. ಆದರೆ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿಯಾಗಿರಬೇಕು. ನಾಡಕಚೇರಿಗೆ ಕೊಡುವ 'ನನ್ನ ತಕರಾರಿಲ್ಲ' ಎಂಬ ಬಿಳಿ ಹಾಳೆಯ ಹೇಳಿಕೆ ಆ ಪತ್ರದ ಕೆಲಸ ಮಾಡುವುದಿಲ್ಲ.

ಇಲ್ಲಿಯೇ ಕಂದಾಯದ ಪುಸ್ತಕಕ್ಕೂ ನ್ಯಾಯಕ್ಕೂ ಇರುವ ಅಂತರವನ್ನು ನೆನೆಯಬೇಕು. ಕಂದಾಯ ದಾಖಲೆಯಲ್ಲಿ ಹೆಸರು ಬದಲಾದುದರಿಂದ ಒಡೆತನ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು 1996ರಲ್ಲಿ ಸುಪ್ರೀಂ ಕೋರ್ಟು ಮತ್ತೊಮ್ಮೆ ಹೇಳಿತು. ಅಣ್ಣನೊಬ್ಬನ ಹೆಸರಿಗೆ ಪೌತಿಯಾದ ಮಾತ್ರಕ್ಕೆ ತಂಗಿಯ ಪಾಲು ಹೋಗುವುದಿಲ್ಲ. ಹಾಗೆಂದು ಸುಮ್ಮನೆ ಕೂಡುವುದೂ ಕ್ಷೇಮವಲ್ಲ. ಕೂಡುಕುಟುಂಬದ ಆಸ್ತಿಯಿಂದ ತನ್ನನ್ನು ಹೊರಗಿಟ್ಟಿದ್ದಾರೆಂದು ತಿಳಿದ ದಿನದಿಂದ 12 ವರ್ಷಗಳೊಳಗೆ ದಾವೆ ಹೂಡಬೇಕೆಂದು 1963ರ ಕಾಲಮಿತಿ ಕಾಯಿದೆ ಹೇಳುತ್ತದೆ. ಅಷ್ಟರೊಳಗೆ ಹೊಲ ಮಾರಾಟವಾಗಿ ಮೂರನೆಯವರ ಕೈ ಸೇರಿದ್ದರೆ ನ್ಯಾಯ ಸಿಕ್ಕರೂ ಅದರ ಖರ್ಚು ದೊಡ್ಡದು.

ಆದ್ದರಿಂದ ಮನೆಯಲ್ಲಿ ಸಾವಾದಾಗ ವಕೀಲರ ಬಾಗಿಲಿಗೆ ಹೋಗುವ ಮೊದಲೇ ಮಾಡಬಹುದಾದ ಕೆಲಸ ಒಂದಿದೆ. ವಂಶವೃಕ್ಷ ಬರೆಯುವ ದಿನ ಎಲ್ಲ ಮಕ್ಕಳೂ ಎದುರಿಗಿರುವುದು, ಸತ್ತವರ ತಾಯಿ ಮತ್ತು ಹೆಂಡತಿಯ ಹೆಸರನ್ನೂ ಸೇರಿಸುವುದು, ಅದರ ನಕಲನ್ನು ಎಲ್ಲರೂ ಇಟ್ಟುಕೊಳ್ಳುವುದು. ಪಾಲು ಬೇಡವೆಂದವರೂ ಮೊದಲು ಹೆಸರು ಬರೆಸಿ ಆಮೇಲೆ ಬಿಡಬಹುದು. ಕಂದಾಯ ವಸೂಲಿಗೆಂದು ಹುಟ್ಟಿದ ಪುಸ್ತಕ ಒಬ್ಬನ ಹೆಸರನ್ನು ಕೇಳುತ್ತಿತ್ತು. ಇಂದಿನ ಕಾಯಿದೆ ಎಲ್ಲರ ಹೆಸರನ್ನು ಕೇಳುತ್ತದೆ, ಹೇಳಬೇಕಾದವರು ಮನೆಯವರು.